ಬಿದ್ದವರನ್ನು ಎತ್ತುವವರು

೧೪ ಜನವರಿ ೨೦೧೯

ಲೊರೇನ್,

ಲಕೋಟೆಯ ಮೇಲೆ ಜೈಲಿನ ಮುದ್ರೆ ನೋಡಿದ ಮೇಲೂ ಇದನ್ನು ಒಡೆದಿದ್ದೀಯಾ ಅಂದರೆ ನಿನ್ನಲ್ಲಿ ಇನ್ನೂ ಸ್ವಲ್ಪ ಕುತೂಹಲ ಉಳಿದಿದೆ ಎಂದಾಯಿತು. ನಿನಗಿಂತ ಮುಂಚೆ ಇಲ್ಲಿಯ ಕಾವಲಿನವರು ಓದಿರುತ್ತಾರೆ. ಅವರಿಗೂ ನಮಸ್ಕಾರ.

ಇಷ್ಟು ದಿನ ನೀನು ಏಕೆ ಒಂದು ಸಾಲೂ ಬರೆಯಲಿಲ್ಲ ಎಂದು ಕೇಳುವುದಕ್ಕೆ ಬರೆಯುತ್ತಿಲ್ಲ. ಒಂದೇ ಗೋಡೆಯ ಆ ಕಡೆ ಈ ಕಡೆ ಬೆಳೆದವರು ನಾವು. ಅಪ್ಪನಿಗೆ ಚಾಕು ಹಾಕಿದ ಗೆಳತಿಗೆ ಏನು ಬರೆಯಬೇಕೆಂದು ನಿನಗೆ ತೋಚಿರಲಿಕ್ಕಿಲ್ಲ. ಬಿಡು.

ಮೊನ್ನೆ ಆಲ್ಮಾ ಚಿಕ್ಕಮ್ಮ ನನ್ನನ್ನು ನೋಡಲು ಬಂದಿದ್ದಳು. "ನಿಮ್ಮಮ್ಮನ ಮನೆ ಮುಂದೆ ಎತ್ತೋರ ವ್ಯಾನು ಹಾಲಿನ ಗಾಡಿ ಥರ ಬಂದು ನಿಲ್ತಾ ಇದೆ ಕಣೇ," ಅಂದಳು. "ಬೀಳೋದೇ ಕೆಲಸ ಆಗೋಗಿದೆ ಅವಳಿಗೆ. ಬರ್ತಾರೆ, ಎತ್ತಿ ಕೂರಿಸ್ತಾರೆ, ಟೀ ಕುಡಿದು ಹೋಗ್ತಾರೆ. ನಮ್ಮ ಲೊರೇನೇ ಅದಕ್ಕೆಲ್ಲ ದೊಡ್ಡೋಳಂತೆ."

ಎತ್ತೋರು. ಚೆನ್ನಾಗಿದೆ ಹೆಸರು. ಬಿದ್ದ ಮುದುಕರನ್ನು ಆಂಬುಲೆನ್ಸಿಗೆ ಹಾಕದೆ, ಮನೆಯಲ್ಲೇ ಎತ್ತಿ, ಹೊಲಿಗೆ ಹಾಕಿ, ಔಷಧಿ ಕೊಟ್ಟು ಬರುತ್ತೀರಂತೆ. ಆಸ್ಪತ್ರೆಗೆ ಒಬ್ಬರು ಕಡಿಮೆ ಹೋದರೆ ನಿಮಗೆ ಅಷ್ಟು ಸಂತೋಷವಂತೆ.

ಅಮ್ಮ ಬೀಳುವುದಿಲ್ಲ, ಲೊರೇನ್. ಅವನು ಬೀಳಿಸುತ್ತಾನೆ. ಕೂದಲು ಹಿಡಿದು ಸಿಂಕಿನ ಅಂಚಿಗೆ ಹಣೆ ಬಡಿಯುತ್ತಾನೆ. ನೆಲದ ಮೇಲೆ ಬಿದ್ದಾಗ ಸೊಂಟಕ್ಕೆ ಒದೆಯುತ್ತಾನೆ, ಏಕೆಂದರೆ ಸೊಂಟವನ್ನು ಯಾರೂ ನೋಡುವುದಿಲ್ಲ. ನಾನು ಚಾಕು ಹಾಕಿದ ದಿನ ಅವಳ ಬಾಯಿಗೆ ಪಾತ್ರೆ ಒರೆಸುವ ಬಟ್ಟೆ ತುರುಕಿದ್ದ. ನಾನು ಮೀನಿನ ಕಾರ್ಖಾನೆಯಿಂದ ನೇರ ಬಂದಿದ್ದೆ, ಚಾಕು ಚೀಲದಲ್ಲೇ ಇತ್ತು. ಇಪ್ಪತ್ತು ವರ್ಷ ಹ್ಯಾಡಕ್ ಮೀನು ಸೀಳಿದ ಕೈ ಮನುಷ್ಯನ ವಿಷಯದಲ್ಲಿ ತಪ್ಪಿತು. ಪಕ್ಕೆಲುಬಿಗೆ ತಾಗಿ ಜಾರಿತು. ಕೋರ್ಟಿನಲ್ಲಿ ಅಮ್ಮ "ಅವರು ಒಳ್ಳೆಯವರು, ಇವಳಿಗೇ ಕೋಪ ಜಾಸ್ತಿ" ಅಂದಳು. ನನ್ನ ಕಡೆ ನೋಡಲಿಲ್ಲ.

ಆ ಮನೆಗೆ ನಾನು ಬರೆಯಬಾರದು, ಫೋನ್ ಮಾಡಬಾರದು ಎಂದು ಆದೇಶವಿದೆ. ಅದಕ್ಕೇ ನಿನಗೆ ಬರೆಯುತ್ತಿದ್ದೇನೆ. ಮುಂದಿನ ಸಲ ಅವಳು "ಬಿದ್ದಾಗ" ದಯವಿಟ್ಟು ಎತ್ತಬೇಡ. ಆಸ್ಪತ್ರೆಗೆ ಸಾಗಿಸು. ಅಲ್ಲಿ ಬಟ್ಟೆ ಬಿಚ್ಚಿ ನೋಡುತ್ತಾರೆ. ಅವನನ್ನು ಪರದೆಯ ಆಚೆ ನಿಲ್ಲಿಸುತ್ತಾರೆ. ಇಷ್ಟೇ ಕೇಳುವುದು.

ಗೇನರ್


೨ ಫೆಬ್ರವರಿ ೨೦೧೯
ಹಲ್

ಪ್ರಿಯ ಗೇನರ್,

ನಿನ್ನ ಪತ್ರ ತಲುಪಿದೆ. ಉತ್ತರಿಸಲು ಮೂರು ಸಲ ಕುಳಿತು ಎದ್ದೆ.

ಯಾವ ರೋಗಿಯ ಬಗ್ಗೆಯೂ ನಾನು ಹೊರಗಿನವರೊಂದಿಗೆ ಮಾತಾಡುವಂತಿಲ್ಲ. ಮಗಳು ಎಂಬುದರಿಂದ ಈ ನಿಯಮ ಸಡಿಲವಾಗುವುದಿಲ್ಲ; ನಿನ್ನ ವಿಷಯದಲ್ಲಿ ಇನ್ನಷ್ಟು ಬಿಗಿಯಾಗುತ್ತದೆ. ಆದ್ದರಿಂದ ನಾನು ನನ್ನ ಕೆಲಸದ ಬಗ್ಗೆ ಮಾತ್ರ ಬರೆಯುತ್ತೇನೆ.

ನಮ್ಮ ಹಲ್ ಬಂದರಿನಲ್ಲಿ ಕ್ರೇನ್ ನಡೆಸುತ್ತಿದ್ದ ಒಬ್ಬ ಮುದುಕರಿದ್ದರು. ಮೂತ್ರದ ಸೋಂಕು, ಸ್ವಲ್ಪ ಜ್ವರ. ತಮ್ಮ ಕಾಲಿನ ಮೇಲೆ ನಡೆದುಕೊಂಡು ಹೋಗಿ ಆಂಬುಲೆನ್ಸ್ ಹತ್ತಿದರು. ಆಸ್ಪತ್ರೆಯ ಕಾರಿಡಾರಿನಲ್ಲಿ ಒಂದಿಡೀ ರಾತ್ರಿ ಸ್ಟ್ರೆಚರ್ ಮೇಲೆ ಮಲಗಿದ್ದರು. ವಾರ್ಡಿಗೆ ಹೋದ ಮೇಲೆ ಗಲಿಬಿಲಿಯಾಗಿ, ಸತ್ತ ಹೆಂಡತಿಯನ್ನು ಕರೆಯುತ್ತಾ ನರ್ಸುಗಳಿಗೆ ಹೊಡೆದರು. ಹಾಸಿಗೆಯಲ್ಲಿ ಮಲಗಿದ್ದೇ ಮಲಗಿದ್ದು ತೊಡೆಯ ಸ್ನಾಯು ಕರಗಿತು. ಕೊನೆಗೆ ಮನೆಗೆ ಬಂದಾಗ ಒಂದು ಕಪ್ ಟೀ ಮಾಡಿಕೊಳ್ಳುವ ಶಕ್ತಿಯೂ ಉಳಿದಿರಲಿಲ್ಲ. ಅದೇ ಸೋಂಕಿಗೆ ಅದೇ ಔಷಧಿಯನ್ನು ಅವರ ಅಡುಗೆಮನೆಯಲ್ಲೇ ಕೊಡಬಹುದಿತ್ತು. ನಾನು ವಾರ್ಡು ಬಿಟ್ಟು ಈ ತಂಡಕ್ಕೆ ಬಂದದ್ದು ಅದಕ್ಕೆ. ನಾವು ಗಾಳಿ ತುಂಬುವ ಮೆತ್ತೆಯನ್ನು ಬಿದ್ದವರ ಅಡಿಗೆ ಸರಿಸಿ, ಗುಂಡಿ ಒತ್ತಿ, ನಿಧಾನವಾಗಿ ಮೇಲೆತ್ತುತ್ತೇವೆ. ಅವರ ಮುಖ ನಮ್ಮ ಮುಖದ ಮಟ್ಟಕ್ಕೆ ಬರುವಾಗ ಎಷ್ಟೋ ಜನ ನಗುತ್ತಾರೆ. ಆ ನಗು ನೋಡಿದರೆ ನೀನೂ ನಂಬುತ್ತೀಯೆ.

ಇನ್ನೊಂದು ಮಾತು ಬರೆಯಬಾರದು, ಆದರೂ ಬರೆಯುತ್ತೇನೆ. ಪ್ರತಿ ಮನೆಯ ಕಡತದಲ್ಲೂ ಹಿಂಸೆಯ ಅಪಾಯವಿದೆಯೇ ಎಂಬ ಪ್ರಶ್ನೆ ಇರುತ್ತದೆ. ಆ ಮನೆಯ ಕಡತದಲ್ಲಿ ಇರುವ ಉತ್ತರ: ಇತ್ತು, ಮಗಳಿಂದ, ಈಗ ಅವಳು ಜೈಲಿನಲ್ಲಿದ್ದಾಳೆ.

ನಿನ್ನ ಅಪ್ಪ ನಮಗಾಗಿ ಬಾಗಿಲು ತೆರೆದು ಕಾಯುತ್ತಾರೆ. ಅವರ ಪಕ್ಕೆಯ ಗಾಯದ ಕಲೆಯನ್ನು ನಾನು ನೋಡಿದ್ದೇನೆ. ನಿನ್ನ ಮಾತನ್ನು ತಳ್ಳಿಹಾಕುತ್ತಿಲ್ಲ. ನಾನು ಕಣ್ಣಾರೆ ನೋಡಿದ್ದನ್ನೂ ತಳ್ಳಿಹಾಕಲು ಆಗುತ್ತಿಲ್ಲ.

ಲೊರೇನ್


೧೧ ಫೆಬ್ರವರಿ ೨೦೧೯

ಲೊರೇನ್,

ಕಲೆ ತೋರಿಸಿದನೇ? ಅಂಗಿ ಎತ್ತಿಯೇ ತೋರಿಸಿರುತ್ತಾನೆ.

ಒಂದು ಕಥೆ ಹೇಳುತ್ತೇನೆ. ನಿನಗೆ ಗೊತ್ತಿರುವುದೇ, ಆದರೆ ನಿಮ್ಮ ಮನೆಯಲ್ಲಿ ಟಿವಿ ಜೋರಾಗಿ ಇಡುತ್ತಿದ್ದರಲ್ಲ, ಕೇಳಿಸಿರಲಿಕ್ಕಿಲ್ಲ. ಅವನು ಮೀನು ಹಿಡಿಯುವ ಟ್ರಾಲರ್ ಹಡಗಿನಲ್ಲಿದ್ದಾಗ ಮೂರು ವಾರ ಸಮುದ್ರ, ಮೂರು ದಿನ ಮನೆ. ಆ ಮೂರು ದಿನ ಜೇಬು ತುಂಬ ದುಡ್ಡು, ಬಾಯಿ ತುಂಬ ಹಾಡು, ಮಧ್ಯಾಹ್ನದಿಂದಲೇ ಕುಡಿತ, ಸಂಜೆಗೆ ಅಮ್ಮ. ನಮ್ಮ ಬೀದಿಯಲ್ಲಿ ಗಂಡ ಹಡಗು ಹತ್ತಿದ ದಿನ ಯಾರೂ ಬಟ್ಟೆ ಒಗೆಯುತ್ತಿರಲಿಲ್ಲ, ನೆನಪಿದೆಯಾ? ಒಗೆದರೆ ಅವನನ್ನೇ ಸಮುದ್ರಕ್ಕೆ ತೊಳೆದು ಕಳಿಸಿದಂತೆ ಎಂಬ ಹೆದರಿಕೆ. ಅಮ್ಮ ಒಗೆಯುತ್ತಿದ್ದಳು. ಅವನು ಬೀದಿಯ ತಿರುವು ದಾಟಿದ ಕೂಡಲೇ ಬಾಗಿಲು ಹಾಕಿ, ಚಾದರ, ಪರದೆ, ಅವನ ಅಂಗಿ, ಎಲ್ಲವನ್ನೂ ಸ್ನಾನದ ತೊಟ್ಟಿಗೆ ಹಾಕಿ ತುಳಿಯುತ್ತಿದ್ದಳು. ಹೊರಗೆ ಒಣಹಾಕಿದರೆ ಜನ ನೋಡುತ್ತಾರೆಂದು ಮನೆಯೊಳಗೇ ಹಗ್ಗ ಕಟ್ಟುತ್ತಿದ್ದಳು. ನಾನೂ ತುಳಿದಿದ್ದೇನೆ, ಅವಳ ಕೈ ಹಿಡಿದುಕೊಂಡು. ಪ್ರತಿ ಸಲ ತುಳಿದೆವು. ಪ್ರತಿ ಸಲ ಅವನು ವಾಪಸ್ ಬಂದ. ಆಮೇಲೆ ಟ್ರಾಲರುಗಳೇ ನಿಂತುಹೋದವು, ಅವನು ಮನೆಯಲ್ಲೇ ಉಳಿದ.

ನಿನ್ನ ಕ್ರೇನ್ ಮುದುಕನ ಕಥೆ ನಿಜವೇ ಇರಬಹುದು. ಮನೆಯಲ್ಲಿ ಹೊಡೆಯುವವರಿಲ್ಲದ ಮುದುಕರಿಗೆ ಮನೆಯೇ ಒಳ್ಳೆಯದು, ಒಪ್ಪಿದೆ. ಒಂದೇ ಪ್ರಶ್ನೆ ಕೇಳಿಕೋ: ಅಮ್ಮ ಬಿದ್ದಾಗ ಅವನು ಯಾರಿಗೆ ಫೋನ್ ಮಾಡುತ್ತಾನೆ? ಆಂಬುಲೆನ್ಸಿಗಲ್ಲ. ನಿನಗೆ. ಏಕೆ?

ಇಲ್ಲಿ ಮೊನ್ನೆ ಒಬ್ಬಳು ಇನ್ನೊಬ್ಬಳ ಮುಖಕ್ಕೆ ಸಕ್ಕರೆ ಹಾಕಿದ ಕುದಿನೀರು ಎರಚಿದಳು. ಸಕ್ಕರೆ ಹಾಕಿದರೆ ನೀರು ಜಾರದೆ ಚರ್ಮಕ್ಕೆ ಅಂಟುತ್ತದೆ. ಅವಳನ್ನು ಕೂಡಲೇ ಹೊರಗಿನ ಆಸ್ಪತ್ರೆಗೆ ಸಾಗಿಸಿದರು, ಎರಡು ಕಡೆ ಕಾವಲು. ಅವಳು ಕಿರುಚುತ್ತಾ ಹೋದಳು. ನನಗೆ ಹೊಟ್ಟೆಕಿಚ್ಚಾಯಿತು, ಅಮ್ಮನ ಪರವಾಗಿ. ಮನುಷ್ಯ ಎಂಥ ಕಡೆ ಬಂದು ನಿಲ್ಲುತ್ತಾನೆ ನೋಡು.

ಅವನಿಲ್ಲದಾಗ ಅವಳನ್ನು ಕೇಳು.

ಗೇನರ್


೩೦ ಮಾರ್ಚ್ ೨೦೧೯
ಹಲ್

ಪ್ರಿಯ ಗೇನರ್,

ತಡವಾಯಿತು. ಬರೆಯುವ ಮೊದಲು ನೀನು ಹೇಳಿದ್ದನ್ನು ಮಾಡಬೇಕಿತ್ತು. ಮಾಡಿದೆ.

ಫೆಬ್ರವರಿ ಕೊನೆಯಲ್ಲಿ ಕರೆ ಬಂತು. ನಿನ್ನ ಅಮ್ಮ ಥೆಲ್ಮಾ ಅಡುಗೆಮನೆಯ ನೆಲದ ಮೇಲಿದ್ದರು, ಹುಬ್ಬು ಸೀಳಿತ್ತು. ಎತ್ತಿ ಕೂರಿಸಿದೆವು. ವ್ಯಾನಿನಿಂದ ಭಾರದ ಪೆಟ್ಟಿಗೆ ಇಳಿಸಬೇಕೆಂಬ ನೆಪದಲ್ಲಿ ನನ್ನ ಸಹಾಯಕ ನಿನ್ನ ಅಪ್ಪನನ್ನು ಹೊರಗೆ ಕರೆದುಕೊಂಡು ಹೋದ. ನಾನು ಹೊಲಿಗೆ ಹಾಕುತ್ತಾ ಕೇಳಿದೆ, "ಥೆಲ್ಮಾ, ನಿಮಗೆ ಯಾರಾದರೂ ನೋವು ಮಾಡ್ತಿದಾರಾ?"

"ಈಗ ನೀನು ಮಾಡ್ತಿದೀಯಲ್ಲ," ಅಂದರು.

"ನಿಜ ಹೇಳಿ. ಡೆರೆಕ್ ಹೊಡೀತಾರಾ?"

"ಕಾಲು ಎಡವ್ತು ಲೊರೇನ್. ಹಳೇ ಚಪ್ಪಲಿ. ಗೇನರ್ ಏನಾದ್ರೂ ಬರೆದ್ಳಾ?"

ನಾನು ಇನ್ನೊಂದು ಹೊಲಿಗೆ ಹಾಕಿದೆ. ಅವರು, "ಅವಳು ತೆಳ್ಳಗಾಗಿರ್ತಾಳೆ," ಅಂದರು. ಅಷ್ಟರಲ್ಲಿ ನಿನ್ನ ಅಪ್ಪ ಒಳಗೆ ಬಂದರು.

ಆಸ್ಪತ್ರೆಗೆ ಹೋಗುತ್ತೀರಾ ಎಂದೂ ಕೇಳಿದೆ. ಬೇಡವೇ ಬೇಡ ಅಂದರು. ಅವರಿಗೆ ಸ್ಪಷ್ಟ ಬುದ್ಧಿಯಿದೆ; ಬೇಡ ಎನ್ನುವ ಹಕ್ಕಿದೆ. ಎಳೆದುಕೊಂಡು ಹೋಗಲು ನನಗೆ ಅಧಿಕಾರವಿಲ್ಲ. ನನ್ನ ಸಂಶಯವನ್ನು ಮೇಲಿನವರಿಗೆ ತಿಳಿಸಿದೆ. "ಆರೋಪಿಸಿದವರು ಯಾರು?" ಎಂದು ಕೇಳಿದರು. ಹೇಳಿದೆ. ಅವರು ಪೆನ್ನು ಕೆಳಗಿಟ್ಟರು.

ಆಮೇಲೆ ನಮ್ಮಿಂದ ಆಗುವುದನ್ನೆಲ್ಲ ಮಾಡಿದೆವು. ಮೆಟ್ಟಿಲಿಗೆ ಹಿಡಿಕೆ ಹಾಕಿಸಿದೆವು. ಜಾರುವ ಚಾಪೆ ತೆಗೆಸಿದೆವು. ಹೊಸ ಚಪ್ಪಲಿ ಕೊಟ್ಟೆವು. ಪದೇ ಪದೇ ಬೀಳುವವರ ಮನೆಯಲ್ಲಿ ಮಾಡುವಂತೆ, ಥೆಲ್ಮಾ ಬಿದ್ದರೆ ಹೇಗೆ ಎತ್ತಬೇಕು, ಮೊದಲು ಏನು ನೋಡಬೇಕು, ಯಾವ ಗಾಯಕ್ಕೆ ಏನು ಹಚ್ಚಬೇಕು ಎಂದು ನಿನ್ನ ಅಪ್ಪನಿಗೆ ಒಂದು ಮಧ್ಯಾಹ್ನ ಕುಳಿತು ಹೇಳಿಕೊಟ್ಟೆ. ಮೆತ್ತೆಯೊಂದನ್ನು ಅಲ್ಲೇ ಬಿಟ್ಟು ಬಂದೆವು. ಅವರು ಬೇಗ ಕಲಿತರು.

ನಿನಗೆ ಸಮಾಧಾನವಾಗಲಿ ಎಂದು ಹೇಳುತ್ತೇನೆ: ಮಾರ್ಚ್ ಶುರುವಾದ ಮೇಲೆ ಆ ಮನೆಯಿಂದ ಒಂದು ಕರೆಯೂ ಬಂದಿಲ್ಲ. ಕಳೆದ ವಾರದ ಸಭೆಯಲ್ಲಿ, ಹೆಸರಿಲ್ಲದೆ, ಆ ಮನೆಯ ಕರೆಗಳ ಕೆಂಪು ಗೆರೆಯನ್ನು ಪರದೆಯ ಮೇಲೆ ತೋರಿಸಿದರು. ಇಳಿದು ಇಳಿದು ಸೊನ್ನೆಗೆ ಬಂದಿತ್ತು. ಕೆಲವರು ಚಪ್ಪಾಳೆ ತಟ್ಟಿದರು. ನನಗೂ ಖುಷಿಯಾಯಿತು. ಆ ಖುಷಿ ಪೂರ್ತಿ ಆಗಲಿಲ್ಲ, ಏಕೆಂದು ತಿಳಿಯಲಿಲ್ಲ.

ಲೊರೇನ್


೪ ಏಪ್ರಿಲ್ ೨೦೧೯

ಲೊರೇನ್,

ಅವನು ಹೊಡೆದು ಮುಗಿಸಿದ ಮೇಲೆ ಒಬ್ಬರಾದರೂ ಹೊರಗಿನವರು ಆ ಮನೆಗೆ ಕಾಲಿಡುತ್ತಿದ್ದರು. ಈಗ ಅದೂ ಇಲ್ಲ. ಅವನು ನಿಮ್ಮನ್ನು ಕರೆಯದೇ ಇರುವುದು ಹೇಗೆಂದು ನೀನೇ ಕುಳಿತು ಹೇಳಿಕೊಟ್ಟಿದ್ದೀಯಾ.

ನಿನ್ನ ಪತ್ರ ಓದಿ ಕೋಣೆಯ ಕುರ್ಚಿಯನ್ನು ಗೋಡೆಗೆ ಬಡಿದೆ. ಕಾಲು ಮುರಿದು ಒಬ್ಬ ಕಾವಲಿನವಳ ಮೊಣಕಾಲಿಗೆ ಬಿತ್ತು. ಬೇಕೆಂದು ಮಾಡಲಿಲ್ಲ, ಆದರೆ ಇಲ್ಲಿ ನಾನು ಬೇಕೆಂದು ಮಾಡುವವಳು ಎಂದೇ ಲೆಕ್ಕ. ನನ್ನನ್ನು ಒಂಟಿ ಕೋಣೆಗೆ ಹಾಕಿದ್ದಾರೆ. ಕಾಗದ ಒಂದೇ ಹಾಳೆ.

ಸೊನ್ನೆ ಅಂದರೆ ಅವಳು ಬೀಳುತ್ತಿಲ್ಲ ಎಂದಲ್ಲ. ಎದ್ದಿಲ್ಲ ಎಂದು.

ಹೋಗು. ಹೇಳದೆ ಹೋಗು.

ಗೇ


೧೦ ಏಪ್ರಿಲ್ ೨೦೧೯
ಹಲ್

ಗೇನರ್,

ಅಕ್ಷರ ಕೆಟ್ಟಿದ್ದರೆ ಕ್ಷಮಿಸು. ಬಲಗೈಯ ಎರಡು ಬೆರಳುಗಳಿಗೆ ಪಟ್ಟಿ ಕಟ್ಟಿದೆ. ನಿನ್ನ ಅಮ್ಮ ಬದುಕಿದ್ದಾರೆ. ಅದನ್ನು ಮೊದಲು ಹೇಳಬೇಕು.

ನಿನ್ನೆ ಮಧ್ಯಾಹ್ನ ಹೋದೆ, ಒಬ್ಬಳೇ. ನಿನ್ನ ಅಪ್ಪ ಏಪ್ರನ್ ಕಟ್ಟಿಕೊಂಡು ಬಾಗಿಲು ತೆರೆದರು. ಒಳಗಿಂದ ಈರುಳ್ಳಿ ಹುರಿಯುವ ವಾಸನೆ.

"ಏನ್ ತಾಯಿ, ನಾವು ಕರೆದೇ ಇಲ್ವಲ್ಲ."

"ಈ ಕಡೆ ಬಂದಿದ್ದೆ ಡೆರೆಕ್. ಥೆಲ್ಮಾನ ಒಂದ್ಸಲ ನೋಡ್ಕೊಂಡು ಹೋಗೋಣ ಅಂತ."

"ಮಲಗಿದಾಳೆ. ಈಗ ತಾನೇ ನಿದ್ದೆ ಹತ್ತಿದೆ. ಎಬ್ಬಿಸೋದು ಬೇಡ."

"ಐದೇ ನಿಮಿಷ," ಎಂದು ಬಾಗಿಲ ಚೌಕಟ್ಟಿನ ಮೇಲೆ ಕೈಯಿಟ್ಟೆ. ಅವನು ನನ್ನ ಕೈಯನ್ನು ನೋಡಿದ. ನೋಡಿದ ಮೇಲೆ ಬಾಗಿಲು ಹಾಕಿದ. ಮೂಳೆ ಮುರಿದದ್ದು ನನಗೆ ಕೇಳಿಸಿತು, ನೋವು ಆಮೇಲೆ ಬಂತು.

ತಕ್ಷಣ ಬಾಗಿಲು ತೆರೆಯಿತು. "ಅಯ್ಯೋ ಪುಟ್ಟಿ, ಅಲ್ಲಿ ಯಾರಾದ್ರೂ ಕೈ ಇಡ್ತಾರಾ? ಬಾ ಬಾ, ಒಳಗೆ ಬಾ." ನನ್ನ ಭುಜ ಹಿಡಿದು ಕುರ್ಚಿಯಲ್ಲಿ ಕೂರಿಸಿದ. ಫ್ರಿಜ್ಜಿನಿಂದ ಮಂಜುಗಟ್ಟಿದ ಬಟಾಣಿಯ ಪೊಟ್ಟಣ ತಂದು, ಬಟ್ಟೆ ಸುತ್ತಿ, ನನ್ನ ಬೆರಳುಗಳ ಮೇಲೆ ಮೆತ್ತಗೆ ಇಟ್ಟ. ನಾನು ಹೇಳಿಕೊಟ್ಟ ಹಾಗೆಯೇ. ಅವನ ಕಣ್ಣಿನಲ್ಲಿ ನೀರಿತ್ತು. ಆ ನೀರು ಸುಳ್ಳೆಂದು ಹೇಳಲಾರೆ. ಅದು ಸುಳ್ಳಾಗಿದ್ದರೆ ಎಷ್ಟೋ ಸುಲಭವಿತ್ತು.

ಬಾತ್‌ರೂಮಿಗೆ ಹೋಗಬೇಕು ಎಂದು ಎದ್ದು ಮಹಡಿ ಹತ್ತಿದೆ. ನೀನು ಚಿಕ್ಕವಳಿದ್ದಾಗ ಮಲಗುತ್ತಿದ್ದ ಸಣ್ಣ ಕೋಣೆಯಲ್ಲಿ, ನೆಲದ ಮೇಲೆ ಹಾಕಿದ ಹಾಸಿಗೆಯಲ್ಲಿ ಥೆಲ್ಮಾ ಇದ್ದರು. ಕಿಟಕಿ ಮುಚ್ಚಿತ್ತು. ಬಲ ಮುಂಗೈ ಮೊಣಕೈಯ ಕೆಳಗೆ ಇನ್ನೊಂದು ಮೊಣಕೈ ಇದ್ದಂತೆ ಬಾಗಿತ್ತು. ಚರ್ಮ ಒಡೆದ ಕಡೆ ಹಳದಿ ನೀರು ಒಸರುತ್ತಿತ್ತು. ಗಾಯಕ್ಕೆ ನಾನು ಬಿಟ್ಟು ಬಂದಿದ್ದ ಪಟ್ಟಿಯನ್ನೇ ಕಟ್ಟಿದ್ದ, ಅಚ್ಚುಕಟ್ಟಾಗಿ.

"ಯಾವಾಗಿಂದ ಹೀಗಿದೆ?"

"ಪ್ಯಾನ್‌ಕೇಕ್ ಮಾಡಿದ ದಿನ," ಅಂದರು. "ದಪ್ಪ ಆಯ್ತು ಅಂದ."

ಲೆಂಟಿನ ಉಪವಾಸಕ್ಕೆ ಹಿಂದಿನ ಮಂಗಳವಾರ, ಮಾರ್ಚ್ ಮೊದಲ ವಾರ. ಸಭೆಯಲ್ಲಿ ಚಪ್ಪಾಳೆ ತಟ್ಟಿದಾಗ ಅವರು ಈ ಕೋಣೆಯಲ್ಲೇ ಇದ್ದರು.

ಅವನು ಬಾಗಿಲಲ್ಲಿ ಬಂದು ನಿಂತ. ಕಿರುಚಲಿಲ್ಲ. "ಈ ವಯಸ್ಸಿನವರನ್ನ ಆಸ್ಪತ್ರೆಗೆ ಹಾಕಿದ್ರೆ ಮುಗೀತು ಅಂತ ಹೇಳ್ದೋರು ಯಾರು ತಾಯಿ? ನಿಮ್ಮ ತಂಡದೋರು ಕೊಟ್ಟ ಆ ಹಾಳೆ ಇನ್ನೂ ಫ್ರಿಜ್ ಮೇಲೆ ಅಂಟಿಸಿದೀನಿ. ನಿನ್ನದೇ ಫೋಟೋ ಇದೆ."

ನಾನು ಎಡಗೈಯಲ್ಲಿ ಆಂಬುಲೆನ್ಸಿಗೆ ಫೋನ್ ಮಾಡಿದೆ. ಪೊಲೀಸರೂ ಬೇಕು ಎಂದು ಅವನ ಮುಖ ನೋಡುತ್ತಲೇ ಹೇಳಿದೆ. ಅವನು ಕೆಳಗಿಳಿದು ಹೋಗಿ ಒಲೆ ಆರಿಸಿದ.

ಆದರೆ ನಿನ್ನ ಅಮ್ಮ, "ಬೇಡ ಲೊರೇನ್. ಕಾರಿಡಾರಲ್ಲಿ ಬಿಸಾಕ್ತಾರೆ ಅಂತ ನೀನೇ ಅಂದಿದ್ದೆ," ಎಂದರು. ನಾನೇ ಅಂದಿದ್ದೆ. ಆ ಅಡುಗೆಮನೆಯಲ್ಲಿ ಕುಳಿತು, ಅವರ ಟೀ ಕುಡಿಯುತ್ತಾ, ಆಸ್ಪತ್ರೆಯ ಭಯವನ್ನು ಅವರೊಳಗೆ ಇಟ್ಟವಳು ನಾನೇ. ಈಗ ಬೇಡ ಎಂದರೆ ನಾನು ಏನೂ ಮಾಡುವಂತಿರಲಿಲ್ಲ.

"ಕಾರಿಡಾರಲ್ಲೇ ಮಲಗಿಸಬಹುದು," ಅಂದೆ. "ಗಲಾಟೆ ಇರುತ್ತೆ. ಲೈಟು ಆರಿಸಲ್ಲ. ಇಡೀ ದಿನ ಜನ ಓಡಾಡ್ತಾನೇ ಇರ್ತಾರೆ."

"ರಾತ್ರಿ?"

"ರಾತ್ರಿನೂ ಇರ್ತಾರೆ."

"ಒಬ್ಬಳನ್ನೇ ಬಿಡಲ್ಲ?"

"ಬೇಕು ಅಂದ್ರೂ ಬಿಡಲ್ಲ."

ಅವರು ಎಡ ಮೊಣಕೈ ಊರಿ ಎದ್ದು ಕುಳಿತರು. "ಹಾಗಾದ್ರೆ ನನ್ನ ಕೋಟು ಕೊಡು," ಅಂದರು.

ಲೊರೇನ್


೧೫ ಏಪ್ರಿಲ್ ೨೦೧೯

ಲೊರೇನ್,

ಒಂಟಿ ಕೋಣೆಯಿಂದ ಬಿಟ್ಟರು. ನಿನ್ನ ಪತ್ರವನ್ನು ನಿಂತೇ ಓದಿದೆ. ನಿನ್ನ ಬೆರಳಿಗೆ ಬೇಜಾರಿದೆ, ಅದು ಅವಳ ಕೈ ಅಲ್ಲ ಎಂದು ಸಂತೋಷವೂ ಇದೆ. ಎರಡೂ ನಿಜ.

ಅವನು ಅಲ್ಲಿಗೆ ಬರುತ್ತಾನೆ. ಹೂವು ಹಿಡಿದುಕೊಂಡು ಬರುತ್ತಾನೆ. ನರ್ಸುಗಳಿಗೆ ಮಿಠಾಯಿ ತರುತ್ತಾನೆ. ಎರಡು ದಿನದಲ್ಲಿ ಇಡೀ ವಾರ್ಡು ಅವನ ಕಡೆ ಆಗಿರುತ್ತದೆ. ಅವಳನ್ನು ಆ ಮನೆಗೆ ವಾಪಸ್ ಕಳಿಸಲು ಬಿಡಬೇಡ. ಕಳಿಸಿದರೆ ಈ ಸಲ ಕೊಲ್ಲುತ್ತಾನೆ, ಲೊರೇನ್. ಅವಳು ಕೋಟು ಕೇಳಿದಳಲ್ಲ, ಅದಕ್ಕಾಗಿ ಕೊಲ್ಲುತ್ತಾನೆ.

ಗೇನರ್


೨೪ ಏಪ್ರಿಲ್ ೨೦೧೯
ಹಲ್

ಗೇನರ್,

ಬಂದ. ಕಾರ್ನೇಷನ್ ಹೂವು, ನರ್ಸುಗಳಿಗೆ ಚಾಕೊಲೇಟು.

ಪೊಲೀಸರು ಅವನನ್ನು ವಿಚಾರಿಸಿ ಬಿಟ್ಟುಕಳಿಸಿದ್ದರು, ಏಕೆಂದರೆ ಥೆಲ್ಮಾ ಅವರ ಮುಂದೆ ಬಾಯಿ ತೆರೆಯಲಿಲ್ಲ. ನನ್ನ ಬೆರಳಿನ ಬಗ್ಗೆ ನಾನು ಹೇಳಿಕೆ ಕೊಟ್ಟೆ. ಬಾಗಿಲು ಗಾಳಿಗೆ ಹಾಕಿಕೊಂಡಿತು ಎಂದು ಅವನು ಹೇಳಿದ. ಅವನನ್ನು ಒಳಗೆ ಬಿಡಬೇಡಿ ಎಂದು ವಾರ್ಡಿಗೆ ತಿಳಿಸಿದ್ದೆ. ಈಸ್ಟರ್ ರಜೆ, ಒಬ್ಬರು ಇನ್ನೊಬ್ಬರಿಗೆ ಹೇಳುವಾಗ ಎಲ್ಲೋ ಬಿಟ್ಟುಹೋಯಿತು. ಭಾನುವಾರ ಊಟದ ಹೊತ್ತಿಗೆ ಬಂದು, ಬಾಗಿ ಅವರ ಕೆನ್ನೆಗೆ ಮುತ್ತು ಕೊಟ್ಟ. ಕೊಡುವಾಗ ಚಾದರದ ಕೆಳಗೆ ಮುರಿದ ಕೈಯನ್ನು ಹಿಡಿದು ಒತ್ತಿದ. ಇದನ್ನು ಯಾರೂ ನೋಡಲಿಲ್ಲ, ಥೆಲ್ಮಾ ನನಗೆ ಹೇಳಿದ್ದು. ಆಮೇಲಿನದನ್ನು ಎಲ್ಲರೂ ನೋಡಿದರು.

ಥೆಲ್ಮಾ ಎಡಗೈ ಚಾಚಿ ಪಕ್ಕದ ಹಾಸಿಗೆಯವರ ಊರುಗೋಲು ಎಳೆದುಕೊಂಡು ಅವನ ಮುಖಕ್ಕೆ ಬೀಸಿದರು. ಮೂಗು ಮುರಿಯಿತು. ಅವನು ಕೆಳಗೆ ಕೂತ ಮೇಲೆ ಇನ್ನೊಂದು, ಬಾಯಿಯ ಮೇಲೆ. ಹಲ್ಲೊಂದು ಊಟದ ಟ್ರಾಲಿಯ ಕೆಳಗೆ ಸಿಕ್ಕಿತಂತೆ. ಮೂರನೆಯದಕ್ಕೆ ಎತ್ತುವಷ್ಟರಲ್ಲಿ ಇಬ್ಬರು ಬಂದು ಹಿಡಿದರು. ಪಕ್ಕದ ಹಾಸಿಗೆಯ ಅಜ್ಜಿ ಕಿರುಚುತ್ತಿದ್ದದ್ದು, "ನನ್ನ ಕೋಲು ಮುರೀಬೇಡಿ," ಎಂದು.

ವಾರ್ಡಿನ ಮುಖ್ಯ ನರ್ಸ್ ನನಗೆ ಫೋನ್ ಮಾಡಿದರು. ಒಳ್ಳೆಯವರು, ಬಳಲಿದ್ದರು. "ನಿಮ್ಮ ಥೆಲ್ಮಾಗೆ ತಲೆ ಕೆಟ್ಟಿದೆ. ಆಸ್ಪತ್ರೆಗೆ ಬಂದ್ರೆ ಮುದುಕರಿಗೆ ಹೀಗಾಗುತ್ತೆ ಅಂತ ನೀವೇ ನಮಗೆ ಪಾಠ ಮಾಡ್ತೀರಲ್ಲ. ಪಾಪ ಆ ಗಂಡ, ರಕ್ತ ಸುರಿಸ್ಕೊಂಡು ಅಳ್ತಾ ಕೂತಿದಾರೆ. ಮನೆಗೆ ಕಳಿಸಿ, ನಾನೇ ನೋಡ್ಕೋತೀನಿ ಅಂತಿದಾರೆ. ಹಾಸಿಗೆ ಬೇರೆ ಬೇಕು ನಮಗೆ. ಕೈ ಗಾಯದ ಔಷಧಿ ನಿಮ್ಮ ತಂಡ ಮನೇಲೇ ಕೊಡುತ್ತಲ್ವಾ? ಈಗ ಒಂದು ಇಂಜೆಕ್ಷನ್ ಕೊಟ್ಟು ಮಲಗಿಸ್ತೀವಿ, ಸಂಜೆ ಕಳಿಸ್ತೀವಿ."

ಒಂದೊಂದು ಮಾತೂ ನನ್ನದೇ. ವರ್ಷಗಟ್ಟಲೆ ಸಭೆಗಳಲ್ಲಿ ಹೇಳಿ ಹೇಳಿ ಅವರ ಬಾಯಿಗೆ ಬಂದ ಮಾತು. ಅವು ತಪ್ಪೂ ಅಲ್ಲ. ನಾಳೆ ಇನ್ನೊಬ್ಬರ ವಿಷಯದಲ್ಲಿ ಮತ್ತೆ ಅದನ್ನೇ ಹೇಳುತ್ತೇನೆ.

"ಇಂಜೆಕ್ಷನ್ ಕೊಡಬೇಡಿ, ಬರ್ತಿದೀನಿ," ಎಂದೆ. ಬೆರಳು ಮುರಿದು ಕಾರು ನಡೆಸಲಾಗದು, ಟ್ಯಾಕ್ಸಿ ಸಿಗಲಿಲ್ಲ, ಬಸ್ಸಿನಲ್ಲಿ ಹೋದೆ. ಹೋಗುವಾಗ ಯೋಚಿಸಿದೆ: ಒಂದು ವೇಳೆ ನಿಜವಾಗಿ ಗಲಿಬಿಲಿಯಾಗಿದ್ದರೆ? ಅವನನ್ನು ದ್ವೇಷಿಸಲು ಶುರುಮಾಡಿದ ಮೇಲೆ ನಾನು ಇನ್ನೂ ಸರಿಯಾಗಿ ನೋಡಬಲ್ಲೆನೇ?

ಯುವ ಡಾಕ್ಟರೊಬ್ಬಳು ಸಿರಿಂಜು ತಟ್ಟೆಯಲ್ಲಿಟ್ಟುಕೊಂಡು ಹಾಸಿಗೆಯ ಬಳಿ ನಿಂತಿದ್ದಳು. "ಮೊದಲು ಪರೀಕ್ಷೆ ಮಾಡಿ," ಎಂದೆ. "ದಯವಿಟ್ಟು. ನನ್ನ ಮಾತು ನಂಬಬೇಡಿ, ಅವರನ್ನೇ ಕೇಳಿ."

ಅವಳು ಕೇಳಿದಳು. ಇದು ಯಾವ ಜಾಗ, ಯಾವ ವರ್ಷ. ಥೆಲ್ಮಾ ಹೇಳಿದರು. ಡಿಸೆಂಬರಿನಿಂದ ತಿಂಗಳುಗಳನ್ನು ಹಿಂದಕ್ಕೆ ಹೇಳುತ್ತಾ ಹೋಗಿ ಅಂದಳು. ಹೇಳಿದರು, ಎಲ್ಲೂ ನಿಲ್ಲಲಿಲ್ಲ.

"ನಿಮ್ಮ ಗಂಡನಿಗೆ ಹೊಡೆದದ್ದು ನೆನಪಿದೆಯಾ?"

"ಇನ್ನೂ ಮುದುಕಿ ಆಗಿಲ್ಲಮ್ಮ ಅಷ್ಟು ಬೇಗ ಮರೆಯೋಕೆ."

"ಅವರು ಯಾರು ಅಂತ ಗೊತ್ತಿದ್ದೇ ಹೊಡೆದ್ರಾ?"

"ಗೊತ್ತಿರೋದಕ್ಕೇ ಹೊಡೆದೆ. ಬಲಗೈ ಸರಿ ಇದ್ದಿದ್ರೆ ಇನ್ನೂ ಚೆನ್ನಾಗಿ ಬೀಳ್ತಿತ್ತು."

ಡಾಕ್ಟರು ಸಿರಿಂಜಿಗೆ ಮುಚ್ಚಳ ಹಾಕಿದಳು. ಕುರ್ಚಿ ಎಳೆದುಕೊಂಡು ಕುಳಿತಳು. ನಮ್ಮೆಲ್ಲರನ್ನೂ, ನನ್ನನ್ನೂ, ಹೊರಗೆ ಹೋಗಲು ಹೇಳಿ ಪರದೆ ಎಳೆದಳು.

ನಾನು ಹ್ಯಾಂಡ್‌ಬೇಸಿನ್ನಿನ ಪಕ್ಕ ನಿಂತೆ. ಪರದೆಯ ಒಳಗಿಂದ ನಿನ್ನ ಅಮ್ಮನ ಧ್ವನಿ ಬರುತ್ತಿತ್ತು, ಶಬ್ದಗಳು ತಿಳಿಯುತ್ತಿರಲಿಲ್ಲ. ಜೋರಾಗಿಯೂ ಇರಲಿಲ್ಲ, ಅಳುವೂ ಇರಲಿಲ್ಲ. ಅಂಗಡಿ ಸಾಮಾನು ಹೇಳಿ ಬರೆಸುವ ಹಾಗೆ ಒಂದೇ ಸಮ. ಡೆರೆಕ್ ಕಾರಿಡಾರಿನ ಕುರ್ಚಿಯಲ್ಲಿ ಮೂಗಿಗೆ ಹತ್ತಿ ಒತ್ತಿ ಕುಳಿತಿದ್ದ. ಮೊದಲು ನೆಲ ನೋಡುತ್ತಿದ್ದ. ಆಮೇಲೆ ಪರದೆ ನೋಡಿದ. ಧ್ವನಿ ನಿಲ್ಲಲಿಲ್ಲ. ಎದ್ದು ನನ್ನ ಹತ್ತಿರ ಬಂದು, ಬಾಯಿ ಊದಿದ್ದರಿಂದ ತೊದಲುತ್ತಾ ಕೇಳಿದ, "ಏನು ಹೇಳ್ತಿದಾಳೆ ಅವಳು? ಇಷ್ಟೊತ್ತು ಏನು ಹೇಳ್ತಿದಾಳೆ?"

ಅವನು ಹೆದರಿದ್ದನ್ನು ನಾನು ಮೊದಲ ಸಲ ನೋಡಿದೆ.

ಲೊರೇನ್


೯ ಜೂನ್ ೨೦೧೯

ಗೇನರ್,

ನಾನು ಅಮ್ಮ. ಎಡಗೈಯಲ್ಲಿ ಬರೆಯುತ್ತಿದ್ದೇನೆ, ಬಲಗೈ ಇನ್ನು ಹೀಗೇ ಅಂತೆ, ಬಾಗಿದ್ದು ಬಾಗಿದ್ದೇ. ನನ್ನಂಥ ಹೆಂಗಸರನ್ನು ಇಡುವ ಮನೆ, ಎಲ್ಲಿದೆ ಎಂದು ಬರೆಯಬಾರದಂತೆ. ಒಂದು ಕೋಣೆ, ಒಂದು ಅಡುಗೆಕಟ್ಟೆ. ಒಳಗಿಂದ ಚಿಲಕವಿದೆ. ಇಲ್ಲಿ ಕೊಡುವ ಊಟದ ಗ್ರೇವಿ ನೀರಿನ ಹಾಗಿರುತ್ತದೆ. ಲೊರೇನ್ ಬುಧವಾರ ಬಂದು ಹೋಗುತ್ತಾಳೆ, ಎಲ್ಲದಕ್ಕೂ ಕ್ಷಮೆ ಕೇಳುತ್ತಾಳೆ. ಸಾಕು ನಿಲ್ಲಿಸು, ಟೀ ಆರುತ್ತಿದೆ ಎಂದು ಬಯ್ಯುತ್ತೇನೆ. ಅವನು ಈ ಕಡೆ ಕಾಲಿಡುವಂತಿಲ್ಲ. ಮುಂದಿನದು ಕೋರ್ಟಿನಲ್ಲಿ.

ನಿನಗೆ ಏಕೆ ಬರೆಯಲಿಲ್ಲ ಎಂದು ಹೇಳಬೇಕು. ಅವನ ಹೆದರಿಕೆ ಒಂದು. ಇನ್ನೊಂದು, ನಿನ್ನ ಮೇಲೆ ಕೋಪವಿತ್ತು. ಇಡೀ ಬೀದಿ ನೀನು ನನಗಾಗಿ ಚಾಕು ಎತ್ತಿದೆ ಎಂದು ಪಿಸುಗುಟ್ಟಿತು. ನೀನು ಒಂದು ಸಲ ಎತ್ತಿ, ಪೊಲೀಸರ ಜೊತೆ ಹೋಗಿಬಿಟ್ಟೆ. ಆ ಒಂದು ಏಟನ್ನು ಅವನು ನನ್ನ ಮೇಲೆ ತೀರಿಸಿಕೊಂಡ. ದಿನಾ ಅಂಗಿ ಎತ್ತಿ ಕಲೆ ತೋರಿಸಿ ತೀರಿಸಿಕೊಂಡ. ನೀನು ಜೈಲಿನಲ್ಲಿ ಊಟ ಮಾಡಿ ಮಲಗುತ್ತೀಯಲ್ಲ ಎಂದು ನಾನು ನಿನಗೆ ಶಾಪ ಹಾಕಿದ್ದೇನೆ, ಮಗಳೇ. ಅದಕ್ಕೇ ಕೋರ್ಟಿನಲ್ಲೂ ಹಾಗೆ ಹೇಳಿದೆ. ಪೂರ್ತಿ ಹೆದರಿಕೆಯಿಂದಲ್ಲ.

ಆ ಕೋಲು ನನ್ನ ಕೈಗೆ ಬಂದಾಗ, ಅವತ್ತು ಚಾಕು ಹಿಡಿದು ಬಾಗಿಲಲ್ಲಿ ನಿಂತಿದ್ದ ನಿನಗೆ ಹೇಗಾಗಿರಬೇಕೆಂದು ತಿಳಿಯಿತು. ಯೋಚನೆ ಇರುವುದಿಲ್ಲ, ಅಲ್ಲವಾ? ಕೈ ಮಾತ್ರ ಇರುತ್ತದೆ.

ಗುರುವಾರ ಒಬ್ಬಳು ಪೊಲೀಸ್ ಹುಡುಗಿ ನನ್ನ ಮಾತು ಬರೆದುಕೊಳ್ಳಲು ಬರುತ್ತಾಳೆ. ನಿನ್ನ ಚಾಕುವಿನ ದಿನದ್ದೂ ಹೇಳುತ್ತೇನೆ, ಬಾಯಿಗೆ ತುರುಕಿದ್ದ ಬಟ್ಟೆಯದ್ದೂ. ಅದರಿಂದ ನಿನಗೆ ಉಪಯೋಗವಾಗುತ್ತದೋ ಇಲ್ಲವೋ ಗೊತ್ತಿಲ್ಲ. ಆಗದಿದ್ದರೂ ಹೇಳುತ್ತೇನೆ.

ಎಲ್ಲಿಂದ ಶುರು ಮಾಡುತ್ತೀರಿ ಎಂದು ಫೋನಿನಲ್ಲಿ ಕೇಳಿದಳು. ಮದುವೆಯ ದಿನ ಸಂಜೆಯಿಂದ ಅಂದೆ. ಎಷ್ಟು ಹೊತ್ತು ಬೇಕಾಗಬಹುದು ಎಂದಳು. ಊಟ ಮಾಡಿಕೊಂಡೇ ಬಾ ಎಂದಿದ್ದೇನೆ.

ನಿನ್ನ ಅಮ್ಮ,
ಥೆಲ್ಮಾ